ಮೊದಲು ಕಾಲಿಗೆ, ಆಮೇಲೆ ಕಣ್ಣಿಗೆ

(ಕಾಸರಗೋಡು ಜಿಲ್ಲೆಯ ವಾಚನಾಲಯವೊಂದರಲ್ಲಿ ನಿವೃತ್ತ ಚಿತ್ರಕಲಾ ಅಧ್ಯಾಪಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ನೀವು ಒಬ್ಬೊಬ್ಬರಾಗಿ ಈ ಕೋಣೆಯೊಳಗೆ ಬರುವಾಗ ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ಒಂದು ಕ್ಷಣ ನಿಂತಿರಿ. ಫ್ಯಾನು ಎಲ್ಲಿದೆ, ಖಾಲಿ ಕುರ್ಚಿ ಯಾವುದು, ಪರಿಚಯದವರು ಯಾರಿದ್ದಾರೆ ಎಂದು ಕಣ್ಣಾಡಿಸಿ ಆಮೇಲೆ ಹೆಜ್ಜೆ ಇಟ್ಟಿರಿ. ಯಾರೂ ಹೇಳಿಕೊಟ್ಟದ್ದಲ್ಲ. ಹೊಸ ಜಾಗಕ್ಕೆ ಹೋದಾಗ ದೇಹ ತಾನಾಗಿ ಮಾಡಿಕೊಳ್ಳುವ ಲೆಕ್ಕ ಅದು. ನಮ್ಮ ಹಳೆಯ ದೇವಸ್ಥಾನಗಳನ್ನು ಕಟ್ಟಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು ಎಂಬುದು ನನ್ನ ನಂಬಿಕೆ. ಇವತ್ತು ಅದರ ಬಗ್ಗೆಯೇ ಮಾತನಾಡುತ್ತೇನೆ. ಶಿಲ್ಪಶಾಸ್ತ್ರದ ಬಗ್ಗೆ ಮಾತನಾಡಲು ನನಗಿಂತ ತಿಳಿದವರಿದ್ದಾರೆ. ನನ್ನ ವಿಷಯ ದೇವಸ್ಥಾನಕ್ಕೆ ಬರುವವರ ಕಾಲು, ಬೆನ್ನು, ಕಣ್ಣು.

ನಿವೃತ್ತಿಯ ನಂತರ ನನಗೊಂದು ಅಭ್ಯಾಸ ಬಂದಿದೆ. ದೇವಸ್ಥಾನಕ್ಕೆ ಹೋದರೆ ಕೈಮುಗಿದು ಬಂದು ಗೋಪುರದ ಜಗಲಿಯಲ್ಲಿ ಕುಳಿತುಕೊಳ್ಳುತ್ತೇನೆ. ಪುಸ್ತಕದಲ್ಲಿ ಅಂಗಣದ ನಕ್ಷೆ ಬರೆದಿಟ್ಟುಕೊಂಡು, ಒಳಗೆ ಬಂದವರು ನಡೆದ ದಾರಿಯನ್ನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ನಿಂತಲ್ಲಿ ಒಂದು ಚುಕ್ಕಿ. ಮಧ್ಯಾಹ್ನದ ಪೂಜೆಯ ಹೊತ್ತಿಗೆ ಹಾಳೆ ತುಂಬಿಬಿಡುತ್ತದೆ. ಕೆಲವು ಕಡೆ ಚುಕ್ಕಿಗಳು ಇರುವೆ ಗೂಡಿನ ಹಾಗೆ ಒತ್ತಾಗಿರುತ್ತವೆ, ಕೆಲವು ಕಡೆ ಒಂದು ಗೆರೆಯೂ ಹೋಗಿರುವುದಿಲ್ಲ. ಮಧೂರಿನಲ್ಲಿ ಹೀಗೆ ಬರೆದ ಹಾಳೆಯಿಂದಲೇ ಶುರು ಮಾಡುತ್ತೇನೆ.

ಮಧೂರು ನಿಮಗೆ ಗೊತ್ತು. ಮಧುವಾಹಿನಿ ಹೊಳೆಯ ದಡದಲ್ಲಿ, ಕಾಸರಗೋಡು ಪೇಟೆಯಿಂದ ಏಳೆಂಟು ಕಿಲೋಮೀಟರ್ ದೂರ. 'ಅಡೂರು ಮಧೂರು ಕಾವು ಕಣ್ಯಾರ' ಎಂದು ಒಂದೇ ಉಸಿರಿಗೆ ಹೇಳುವ ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳಲ್ಲಿ ಒಂದು. ಅಲ್ಲಿಯ ಪ್ರಧಾನ ದೇವರು ಯಾರು ಎಂದು ದಾರಿಯಲ್ಲಿ ಹೋಗುವವರನ್ನು ಕೇಳಿದರೆ ಹೆಚ್ಚಿನವರು ಗಣಪತಿ ಎನ್ನುತ್ತಾರೆ. ಪೀಠದಲ್ಲಿರುವುದು ಮದನಂತೇಶ್ವರ, ಉದ್ಭವಲಿಂಗ. ಗಣಪತಿ ಇರುವುದು ಗರ್ಭಗುಡಿಯ ತೆಂಕು ಗೋಡೆಯಲ್ಲಿ. ಅರ್ಚಕರೊಂದಿಗೆ ಬಂದ ಹುಡುಗ ಆಟವಾಡುತ್ತ ಗೋಡೆಯಲ್ಲಿ ಗಣಪತಿಯ ಚಿತ್ರ ಬರೆದನಂತೆ, ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತ ಹೋಯಿತಂತೆ, ಮಕ್ಕಳು ಅದನ್ನು ಬೊಡ್ಡಜ್ಜ ಎಂದು ಕರೆದರಂತೆ. ಚಿತ್ರಕಲೆ ಕಲಿಸಿದ ನನಗೆ ಈ ಐತಿಹ್ಯದ ಮೇಲೆ ಬೇರೆಯೇ ಪ್ರೀತಿ. ಗೋಡೆಯಲ್ಲಿ ಗೀಚಿದ ಮಗುವಿಗೆ ಯಾರೂ ಬೈಯದೆ, ಗೀಚಿದ್ದಕ್ಕೇ ಪೂಜೆ ಮಾಡಿದ ಊರು ನಮ್ಮದು.

ಈಗ ಹಾಳೆಯನ್ನು ನೋಡಿ. ಕಟ್ಟಡದ ಯೋಜನೆಯೆಲ್ಲ ಶಿವನ ಎದುರಿಗಿದೆ. ಮಂಟಪ, ಸೋಪಾನ, ಬಾಗಿಲು, ಎಲ್ಲವೂ ಆ ಒಂದು ನೇರದಲ್ಲಿವೆ. ನನ್ನ ಪೆನ್ಸಿಲಿನ ಗೆರೆಗಳು ಮಾತ್ರ ಅಲ್ಲಿ ಸ್ವಲ್ಪ ನಿಂತು ಎಡಕ್ಕೆ ಹೊರಳಿ ತೆಂಕು ಬದಿಯಲ್ಲಿ ಗುಂಪಾಗುತ್ತವೆ. ಅಪ್ಪದ ಪ್ರಸಾದಕ್ಕೆ ರಶೀದಿ ಹಿಡಿದವರು, ಮಗುವನ್ನು ಎತ್ತಿ ತೋರಿಸುವವರು, ಹೊಸ ಕಾರಿನ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡವರು, ಎಲ್ಲರ ಚುಕ್ಕಿಯೂ ಅಲ್ಲೇ. ಕಟ್ಟಿದವನು ಒಂದು ದಾರಿ ಕೊಟ್ಟ, ಭಕ್ತಿ ಇನ್ನೊಂದು ದಾರಿ ಹಿಡಿಯಿತು. ಆದರೂ ಎರಡಕ್ಕೂ ಜಗಳವಿಲ್ಲ. ಪ್ರದಕ್ಷಿಣೆಗೆ ದೇವರನ್ನು ಬಲಕ್ಕಿಟ್ಟುಕೊಂಡು ಎಡಕ್ಕೆ ಹೊರಟವನಿಗೆ ಮೊದಲು ಸಿಗುವುದೇ ತೆಂಕು ಗೋಡೆ. ಶಿವನಿಗೆ ನಮಸ್ಕರಿಸಿ ನಡೆದರೆ ನಾಲ್ಕು ಹೆಜ್ಜೆಗೆ ಗಣಪತಿ ಎದುರಾಗುತ್ತಾನೆ. 1992ರಲ್ಲಿ ಮತ್ತು ಮತ್ತೆ 2025ರಲ್ಲಿ ಮೂಡಪ್ಪ ಸೇವೆ ನಡೆದಾಗ, ಆ ದೊಡ್ಡ ಮೂರ್ತಿಯನ್ನು ಅಪ್ಪದಿಂದ ಮುಚ್ಚುವುದನ್ನು ನೋಡಲು ಸೇರಿದ ಜನ ನಿಮ್ಮ ನೆನಪಿನಲ್ಲಿರಬಹುದು.

ಈ ಎಡಕ್ಕೆ ಹೊರಳುವ ವಿಷಯದಲ್ಲಿ ಒಂದು ಸೋಜಿಗವಿದೆ. 1930ರ ದಶಕದಲ್ಲಿ ಅಮೆರಿಕದ ಆರ್ಥರ್ ಮೆಲ್ಟನ್ ಎಂಬ ಮನಶ್ಶಾಸ್ತ್ರಜ್ಞರು ವಸ್ತುಸಂಗ್ರಹಾಲಯಗಳಲ್ಲಿ ಜನರ ನಡೆಯನ್ನು ಗಮನಿಸಿದರು. ಕೋಣೆಯೊಳಗೆ ಬಂದವರಲ್ಲಿ ಹೆಚ್ಚಿನವರು ಬಲಕ್ಕೆ ತಿರುಗುತ್ತಾರೆ ಎಂದು ಅವರಿಗೆ ಕಂಡಿತು. ನಮ್ಮ ಪ್ರದಕ್ಷಿಣೆ ಶುರುವಾಗುವುದು ಎಡಕ್ಕೆ. ದೇವಸ್ಥಾನಕ್ಕೆ ಮೊದಲ ಬಾರಿ ಬಂದ ಮಗುವನ್ನು ಕೈಬಿಟ್ಟು ನೋಡಿ, ಅದು ಎತ್ತ ಬೇಕಾದರೂ ಓಡುತ್ತದೆ. ತಾಯಿ ಭುಜ ಹಿಡಿದು ತಿರುಗಿಸುತ್ತಾಳೆ. ಎರಡು ಮೂರು ಸಲ ತಿರುಗಿಸಿದ ಮೇಲೆ ಆಜೀವ ಪರ್ಯಂತ ಆ ದೇಹ ತಪ್ಪುವುದಿಲ್ಲ. ಇಲ್ಲಿ ಕುಳಿತ ನಿಮ್ಮಲ್ಲಿ ಯಾರಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿ ನಿಮ್ಮೂರ ದೇವಸ್ಥಾನದ ಅಂಗಣದಲ್ಲಿ ಬಿಟ್ಟರೂ ಕಾಲು ಎಡಕ್ಕೇ ಹೋಗುತ್ತದೆ.

ಶಿವನ ಗುಡಿಯಲ್ಲಿ ಇನ್ನೊಂದು ವಿಶೇಷವಿದೆ. ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ದಾಟಬಾರದು, ಅಲ್ಲಿಯವರೆಗೆ ಹೋಗಿ ಹಿಂದಿರುಗಬೇಕು ಎಂಬ ನಿಯಮ. ಕೇರಳದ ಕಡೆಯವರು ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಘಟ್ಟದ ಮೇಲಿನಿಂದ ಬಂದವರು ಹಲವರು ಪೂರ್ತಿ ಸುತ್ತು ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇಬ್ಬರೂ ಒಂದೇ ಅಂಗಣದಲ್ಲಿ ಸಿಗುತ್ತಾರೆ. ವಿಷ್ಣುವಿನ ಗುಡಿಯಲ್ಲಿ ಸುತ್ತು ಬರುವಾಗ ನಿಮಗೆ ಕಾಣುವುದು ಮುಂದೆ ಹೋಗುವವರ ಬೆನ್ನು ಮಾತ್ರ. ಶಿವನ ಗುಡಿಯಲ್ಲಿ ಅರ್ಧದಿಂದ ಹಿಂದಿರುಗುವವರು ಎದುರಿಗೆ ಬರುತ್ತಾರೆ, ಮುಖ ಕಾಣುತ್ತದೆ. ನನ್ನ ಹಾಳೆಗಳಲ್ಲಿ ಇಬ್ಬರು ನಿಂತು ಮಾತನಾಡಿದ ಚುಕ್ಕಿಗಳು ಶಿವನ ಗುಡಿಯಲ್ಲೇ ಹೆಚ್ಚು. "ಮಗಳ ಮದುವೆ ಎಲ್ಲಿಗಾಯಿತು?" ಎಂಬ ಪ್ರಶ್ನೆಗೆ ಹಿಂಬದಿಯ ಆ ಇಕ್ಕಟ್ಟಾದ ಜಾಗದಲ್ಲಿ ಉತ್ತರ ಸಿಕ್ಕಿರುತ್ತದೆ.

ಮಧೂರಿನ ಹಿಂಬದಿಯ ಬಗ್ಗೆ ಹೇಳಲೇಬೇಕು. ಅದು ಗಜಪೃಷ್ಠ ಆಕಾರದ ಕಟ್ಟಡ. ಎದುರಿನಿಂದ ನೋಡಿದರೆ ಚೌಕ, ಹಿಂದಕ್ಕೆ ಹೋದರೆ ಆನೆಯ ಬೆನ್ನಿನ ಹಾಗೆ ದುಂಡಗೆ. ಒಂದರ ಮೇಲೊಂದು ಮೂರು ಮಾಡು, ಎಂದರೆ ಇಳಿಜಾರು ಚಾವಣಿ, ಮೇಲೆ ತಾಮ್ರದ ಹೊದಿಕೆ. ಫೋಟೊ ತೆಗೆಯುವವರೆಲ್ಲ ಎದುರಿನಿಂದಲೋ ಓರೆಯಿಂದಲೋ ತೆಗೆಯುತ್ತಾರೆ. ಆದರೆ ಆ ಆಕಾರ ಅರ್ಥವಾಗುವುದು ಹಿಂದೆ ನಡೆದಾಗ. ಚೌಕ ಗುಡಿಯ ಸುತ್ತ ನಡೆಯುವವರು ಮೂಲೆಗೆ ಬಂದಾಗ ಒಂದು ಹೆಜ್ಜೆ ಸಣ್ಣದು ಮಾಡುತ್ತಾರೆ, ತಿರುಗುತ್ತಾರೆ, ಮತ್ತೆ ನಡೆಯುತ್ತಾರೆ. ದುಂಡು ಬೆನ್ನಿನ ಹಿಂದೆ ಮೂಲೆಯೇ ಇಲ್ಲ. ಎಲ್ಲಿ ತಿರುಗಿದೆವು ಎಂದು ಗೊತ್ತಾಗುವುದಿಲ್ಲ. ಪಡುವಣಕ್ಕೆ ಹೋಗುತ್ತಿದ್ದವರು ಬಡಗಣಕ್ಕೆ ಬಂದಿರುತ್ತೀರಿ. ಬಲಗಡೆ ಸೂರಂಚು ನಿಮ್ಮ ಜೊತೆಗೇ ಬಾಗುತ್ತ ಬರುತ್ತದೆ. ಮುಂದಿನ ಬಾರಿ ಹೋದಾಗ ಹಿಂಬದಿಯಲ್ಲಿ ಸ್ವಲ್ಪ ನಿಧಾನವಾಗಿ ನಡೆದು ನೋಡಿ.

ಬೇಲೂರಿನಲ್ಲಿ ಇದಕ್ಕೆ ತದ್ವಿರುದ್ಧ. 1117ರ ಚೆನ್ನಕೇಶವ ದೇವಸ್ಥಾನದಲ್ಲಿ ಎತ್ತರದ ಜಗತಿಯ, ಎಂದರೆ ಕಲ್ಲಿನ ಕಟ್ಟೆಯ ಮೇಲೆ ಗೋಡೆಯ ಪಕ್ಕದಲ್ಲೇ ನಡೆಯುತ್ತೇವೆ. ಗೋಡೆ ಹೊರಬರುತ್ತದೆ, ಒಳಹೋಗುತ್ತದೆ, ಮತ್ತೆ ಹೊರಬರುತ್ತದೆ. ಪ್ರತಿ ಮಡಿಕೆಯಲ್ಲಿ ಒಂದು ಮೂರ್ತಿ. ಅಲ್ಲಿ ಕಣ್ಣು ಮುಂದೆ, ಕಾಲು ಹಿಂದೆ. ನೋಡಲಿಕ್ಕೆಂದು ನಿಂತು ನಿಂತು ನಡೆಯುತ್ತೇವೆ. ನಮ್ಮ ಕಡೆಯ ಗುಡಿಯಲ್ಲಿ ಗೋಡೆ ಅಷ್ಟು ಮಾತನಾಡುವುದಿಲ್ಲ. ಮಳೆ ಹೆಚ್ಚು, ಕಲ್ಲು ಮುರಕಲ್ಲು, ಎಂದರೆ ಜಂಬಿಟ್ಟಿಗೆ. ಅದರಲ್ಲಿ ಸೂಕ್ಷ್ಮ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಕೆತ್ತನೆ ಮರಕ್ಕೆ ಹೋಯಿತು, ಮಾಡಿನ ಅಡಿಗೆ, ಮಂಟಪದ ಮುಚ್ಚಿಗೆಗೆ. ಮಧೂರಿನ ಮಂಟಪದಲ್ಲಿ ಪುರಾಣ ಕಥೆಗಳೇ ತಲೆಯ ಮೇಲಿವೆ. ತಲೆ ಎತ್ತಿ ನೋಡುವವರು ಬಹಳ ಕಡಿಮೆ. ನಾನು ಕಂಡ ಹಾಗೆ ಎರಡೇ ಬಗೆಯವರು ನೋಡುತ್ತಾರೆ, ತಾಯಿಯ ತೊಡೆಯ ಮೇಲೆ ಅಂಗಾತ ಮಲಗಿದ ಮಕ್ಕಳು ಮತ್ತು ಬಡಗಿಗಳು.

ಹಾಗಾದರೆ ನಮ್ಮ ಗುಡಿ ಬಂದವರೊಂದಿಗೆ ಹೇಗೆ ಮಾತನಾಡುತ್ತದೆ? ಬೆಳಕಿನಲ್ಲಿ, ಮತ್ತು ಚರ್ಮದ ಮೂಲಕ. ಏಪ್ರಿಲ್ ತಿಂಗಳ ನಡುಹಗಲನ್ನು ನೆನೆಸಿಕೊಳ್ಳಿ. ಹೊರಾಂಗಣದಲ್ಲಿ ಬಿಸಿಲಿನ ಬೆಳಕು ಒಂದು ಲಕ್ಷ ಲಕ್ಸ್‌ನ ಹತ್ತಿರ ಇರುತ್ತದೆ, ಲಕ್ಸ್ ಎಂದರೆ ಬೆಳಕಿನ ಅಳತೆ. ಗರ್ಭಗುಡಿಯೊಳಗೆ ಎಣ್ಣೆ ದೀಪದ ಕೆಲವೇ ಲಕ್ಸ್. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಿಸಿಲಿನಿಂದ ನೇರವಾಗಿ ಬಾಗಿಲ ಎದುರು ತಂದು ನಿಲ್ಲಿಸಿದರೆ ನಿಮಗೆ ಕಪ್ಪು ಬಿಟ್ಟರೆ ಏನೂ ಕಾಣುವುದಿಲ್ಲ. ಅದಕ್ಕೇ ನಡುವೆ ಗೋಪುರದ ನೆರಳು. ಆಮೇಲೆ ಸುತ್ತುಪೌಳಿ, ಮಲಯಾಳದವರು ನಾಲಂಬಲಂ ಎನ್ನುವ ಭಾಗ, ಅದರ ತಗ್ಗಿದ ಮಾಡು, ದಳಿಗಳ ನಡುವೆ ಬರುವ ಸೋಸಿದ ಬೆಳಕು. ಆಮೇಲೆ ಒಳಾಂಗಣ. ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಇಳಿಯುತ್ತದೆ. ಒಂದು ಸುತ್ತು ಬಂದು ಎದುರಿಗೆ ನಿಲ್ಲುವಾಗ ಕಣ್ಣು ಅರ್ಧ ಸಿದ್ಧವಾಗಿರುತ್ತದೆ. ಮೂರು ಸುತ್ತು ಬಂದವನಿಗೆ ದೇವರ ಮುಖ ಇನ್ನೂ ಸ್ಪಷ್ಟ. 'ಸುತ್ತು ಬಂದು ನೋಡು' ಎಂದು ಹಿರಿಯರು ಹೇಳುವುದರಲ್ಲಿ ಭಕ್ತಿಯೂ ಇದೆ, ಕಣ್ಣಿನ ಗುಣವೂ ಇದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಇದನ್ನು ಇನ್ನೂ ಚೆನ್ನಾಗಿ ಅನುಭವಿಸಿರುತ್ತೀರಿ. 1430ರ ಆ ಬಸದಿಯಲ್ಲಿ ಮಂಟಪದ ಹಿಂದೆ ಮಂಟಪ, ಒಳಹೋದಷ್ಟೂ ಬೆಳಕು ತೆಳುವಾಗುತ್ತ ಹೋಗುತ್ತದೆ.

ಚರ್ಮದ ವಿಷಯ ಗಂಡಸರಿಗೆ ಬೇಗ ತಿಳಿಯುತ್ತದೆ. ಒಳಗೆ ಹೋಗುವ ಮೊದಲು ಅಂಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತೇವೆ. ಆ ಗಳಿಗೆಯಿಂದ ಬೆನ್ನಿಗೂ ಕಣ್ಣು ಬಂದ ಹಾಗೆ. ಬಿಸಿಲಿನಿಂದ ಮಾಡಿನಡಿಗೆ ಬಂದದ್ದು ಬೆನ್ನಿಗೆ ಮೊದಲು ಗೊತ್ತಾಗುತ್ತದೆ. ಗರ್ಭಗುಡಿಯ ಎದುರು ನಿಂತಾಗ ಒಳಗಿನ ದೀಪಗಳ ಕಾವು ಎದೆಗೆ ತಗಲುತ್ತದೆ. ಬರಿಗಾಲಿನ ಅನುಭವ ಎಲ್ಲರಿಗೂ ಇದೆ. ಅದರ ಬಗ್ಗೆ ಹೇಳುವಾಗ ನನ್ನ ಅಜ್ಜಿಯನ್ನು ಬಿಟ್ಟು ಹೇಳಲಾರೆ.

ಅಜ್ಜಿಯ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ನೆರಳು ಬೆಳಕು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಸಂಕ್ರಮಣಕ್ಕೆ ನಮ್ಮೂರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಕೈ ಹಿಡಿದದ್ದು ನಾನು, ನಡೆಸಿದ್ದು ಅಜ್ಜಿ. ಗೋಪುರದ ಹೊಸ್ತಿಲಿನ ನಡುವೆ ತಲೆಮಾರುಗಳ ಕಾಲು ತಗಲಿ ಸವೆದ ತಗ್ಗು ಇತ್ತು. ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ "ಸರಿ" ಎನ್ನುತ್ತಿದ್ದರು. ಅಂಗಣದ ಮುರಕಲ್ಲು ತರಿತರಿ. ಬಲಿಕಲ್ಲಿನ ಹತ್ತಿರ ಎಣ್ಣೆಯ ಅಂಟು. ಎಲ್ಲಕ್ಕಿಂತ ಮುಖ್ಯ, ಗುಡಿಯ ಸುತ್ತ ಸೂರಿನ ನೀರು ಬಿದ್ದು ಬಿದ್ದು ಕಲ್ಲಿನಲ್ಲಿ ಮೂಡಿದ ಗುಳಿಗಳ ಸಾಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ನಾಡಿನಲ್ಲಿ ಮುರಕಲ್ಲು ಎಷ್ಟು ದಿನ ತಡೆದೀತು? ಬಟಾಣಿ ಕಾಳು ಕೂರುವಷ್ಟು ಗುಳಿಗಳು, ಗೇಣಿಗೊಂದರಂತೆ, ಹಂಚಿನ ಪ್ರತಿ ತುದಿಗೆ ಒಂದೊಂದು. ಅಜ್ಜಿ ಎಡಗಾಲನ್ನು ಹೊರಗಿಟ್ಟು, ಬಲಗಾಲಿನ ಬೆರಳುಗಳಿಂದ ಆ ಗುಳಿಗಳನ್ನು ಸವರುತ್ತ ಮೂರು ಸುತ್ತು ಬರುತ್ತಿದ್ದರು. ಎಲ್ಲಿಯೂ ತಪ್ಪಲಿಲ್ಲ.

ಆಮೇಲೆ ಜೀರ್ಣೋದ್ಧಾರವಾಯಿತು. ಅಂಗಣಕ್ಕೆಲ್ಲ ಹೊಳಪಿನ ಗ್ರಾನೈಟ್ ಬಂತು. ಬ್ರಹ್ಮಕಲಶ ಕಳೆದ ಮೇಲೆ ಅಜ್ಜಿಯನ್ನು ಕರೆದುಕೊಂಡು ಹೋದೆ. ಹೊಸ್ತಿಲು ಹೊಸದು, ಅಲ್ಲಿ ಸುಮ್ಮನೆ ದಾಟಿದರು. ಅಂಗಣದಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟರು. ಕಾಲನ್ನು ಆಚೆ ಈಚೆ ಸವರಿದರು. "ಮಾಣಿ, ನನ್ನನ್ನು ಎಲ್ಲಿಗೆ ಕರೆದುಕೊಂಡು ಬಂದಿದ್ದೀಯ?" ಎಂದು ಕೇಳಿದರು. ಚೆಂಡೆ ಕೇಳುತ್ತಿತ್ತು, ಗಂಧದ ಪರಿಮಳ ಇತ್ತು, ಮಾತನಾಡಿಸುವವರೆಲ್ಲ ಊರಿನವರೇ. ಆದರೂ ಕಾಲು ಒಪ್ಪಲಿಲ್ಲ. ಅವತ್ತು ಒಂದೇ ಸುತ್ತು ಬಂದು, ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಮನೆಗೆ ಹೊರಟರು. ಸಮಿತಿಯವರು ಕೆಟ್ಟದ್ದನ್ನು ಬಯಸಿದವರಲ್ಲ. ಊರೂರು ತಿರುಗಿ ಹಣ ಕೂಡಿಸಿದವರು, ಕಲ್ಲು ಹೊತ್ತವರು. ಮಳೆಗಾಲದಲ್ಲಿ ಪಾಚಿಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡವರು. ಅವರಿಗೆ ನೆಲದಲ್ಲಿ ಕೊಳೆ ಕಂಡಿತು, ಬರಹ ಕಾಣಲಿಲ್ಲ.

ಗ್ರಾನೈಟಿನ ಇನ್ನೊಂದು ಫಲ ನಿಮ್ಮೆಲ್ಲರಿಗೂ ಗೊತ್ತು. ಮಧ್ಯಾಹ್ನ ಹನ್ನೆರಡರ ಮೇಲೆ ಕಾಲಿಡಲಾಗುವುದಿಲ್ಲ. ನಾರಿನ ಚಾಪೆ ಹಾಸುತ್ತಾರೆ, ಬಿಳಿ ಬಣ್ಣದ ಪಟ್ಟೆ ಬಳಿಯುತ್ತಾರೆ. ಆಗ ನನ್ನ ನಕ್ಷೆಯ ಗೆರೆಗಳೆಲ್ಲ ಒಂದೇ ಆಗಿಬಿಡುತ್ತವೆ. ಜನ ಆ ಪಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಬೇಗ ಬೇಗ ನಡೆಯುತ್ತಾರೆ. ನಾಗನ ಕಟ್ಟೆಯತ್ತ ಯಾರೂ ಹೋಗುವುದಿಲ್ಲ. ಹಿಂಬದಿಯಲ್ಲಿ ನಿಂತು ಮಾತನಾಡುವವರಿಲ್ಲ. ಅದನ್ನು ತಪ್ಪಿಸಲು ಇಡೀ ಅಂಗಣಕ್ಕೆ ತಗಡಿನ ಮಾಡು ಹಾಕುತ್ತಾರೆ. ತಗಡಿನ ಮಾಡು ಬಂದ ದಿನ ಬೆಳಕಿನ ಮೆಟ್ಟಿಲುಗಳು ಮುಗಿದವು. ಹೊರಗೂ ಅದೇ ಮಬ್ಬು, ಒಳಗೂ ಅದೇ ಮಬ್ಬು. ಅದಕ್ಕೆ ಟ್ಯೂಬ್‌ಲೈಟು. ಆಷಾಢದ ಮಳೆ ತಗಡಿನ ಮೇಲೆ ಸುರಿಯುವಾಗ ಪಕ್ಕದಲ್ಲಿ ಹೊಡೆಯುವ ಚೆಂಡೆ ಕೇಳುವುದಿಲ್ಲ. ಸೂರಿನಿಂದ ನೀರು ಬೀಳುವುದನ್ನು ನೋಡುತ್ತ ಸುತ್ತುಪೌಳಿಯಲ್ಲಿ ಕೂರುವ ಸುಖವೂ ಹೋಯಿತು. ಮೂರು ಹಂತದ ಚಂದದ ಮಾಡಿರುವ ಗುಡಿಗೆ ಬಂದವನು ಮೊದಲ ಹಂತದ ಅಂಚನ್ನಷ್ಟೇ ನೋಡಿ ಮನೆಗೆ ಹೋಗುತ್ತಾನೆ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ನೀರಿನ ಮಾತು ಬಂದದ್ದರಿಂದ ಅನಂತಪುರಕ್ಕೆ ಹೋಗೋಣ. ಕುಂಬಳೆಯ ಹತ್ತಿರ, ಮುರಕಲ್ಲಿನ ಬಟ್ಟಬಯಲಿನಲ್ಲಿ ಬಂದು ಇಳಿಯುತ್ತೀರಿ. ಬಿಸಿಲು, ಒಣಹುಲ್ಲು, ಕಪ್ಪಿಟ್ಟ ಕಲ್ಲು. ಅಂಚಿಗೆ ಬರುವವರೆಗೆ ದೇವಸ್ಥಾನ ಇದೆ ಎಂದೇ ತಿಳಿಯುವುದಿಲ್ಲ. ಅಂಚಿಗೆ ಬಂದಾಗ ಕೆಳಗೆ ಹಸಿರು ನೀರು, ಸುಮಾರು ಎರಡು ಎಕರೆಯ ಕೆರೆ, ಅದರ ನಡುವೆ ಗರ್ಭಗುಡಿ. ಎಲ್ಲ ದೇವಸ್ಥಾನಗಳಿಗೂ ಹತ್ತಿ ಹೋದರೆ ಇಲ್ಲಿ ಇಳಿದು ಹೋಗುತ್ತೇವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಎಂದು ನಂಬುವ ಈ ಗುಡಿಯಲ್ಲಿ ಮೂಲ ಮೂರ್ತಿಗಳು ಕಲ್ಲಿನವಲ್ಲ, ಕಡುಶರ್ಕರ ಪಾಕದವಾಗಿದ್ದವು, ಎಂದರೆ ಹಲವು ಔಷಧೀಯ ವಸ್ತುಗಳನ್ನು ಕಲಸಿ ಮಾಡಿದವು. ದಡದಿಂದ ದೇವರ ಎದುರಿಗೆ ಹೋಗಲು ಒಂದು ಸಣ್ಣ ಕಾಲುಸೇತುವೆ.

ಅಲ್ಲಿ ಕುಳಿತು ಗೆರೆ ಎಳೆದಾಗ ಒಂದು ವಿಷಯ ಹೊಳೆಯಿತು. ಬೇರೆಡೆ ಒಳಗೆ ಬಂದವರು ದೇವರ ಕಡೆ ಮುಖ ಮಾಡುತ್ತಾರೆ. ಇಲ್ಲಿ ಮೊದಲು ಎಲ್ಲರೂ ನೀರಿನ ಅಂಚಿನಲ್ಲಿ ಕುತ್ತಿಗೆ ಚಾಚಿ ನಿಲ್ಲುತ್ತಾರೆ. ಬಬಿಯಾ ಎಂಬ ಮೊಸಳೆ ಕಾಣುತ್ತದೆಯೇ ಎಂದು ನೋಡುವುದು. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಾಗ ಸಾವಿರಾರು ಜನ ಬಂದು ಕೈಮುಗಿದರು. ಅದಾದ ಮೇಲೂ, 2023ರ ಕೊನೆಯಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಳ್ಳುವ ಮೊದಲೂ, ಜನ ಹಾಗೆಯೇ ನಿಂತು ನೀರು ನೋಡುತ್ತಿದ್ದರು. ಇಲ್ಲ ಎಂದು ಗೊತ್ತಿದ್ದೂ ನೋಡುತ್ತಿದ್ದರು. ಹಾಗೆ ನೋಡುತ್ತ ಮಾತು ಕಡಿಮೆಯಾಗುತ್ತದೆ, ನಡೆ ನಿಧಾನವಾಗುತ್ತದೆ. ಸೇತುವೆಗೆ ಬರುವ ಹೊತ್ತಿಗೆ ಗದ್ದಲದ ಕುಟುಂಬವೂ ತಣ್ಣಗಾಗಿರುತ್ತದೆ. 'ನಿಶ್ಶಬ್ದ' ಎಂಬ ಫಲಕ ಮಾಡದ ಕೆಲಸವನ್ನು ಆ ನೀರು ಮಾಡುತ್ತದೆ.

ಮುಜುಂಗಾವಿನಲ್ಲಿ ತುಲಾ ಸಂಕ್ರಮಣದ ದಿನ ಬೇರೆ ನೋಟ. ಅವತ್ತು ಕೆರೆಯೇ ಕೇಂದ್ರ. ಬೆಳಗಿನ ಜಾವದಿಂದ ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲಿ ಅಕ್ಕಿ, ಹುರುಳಿ ಹಿಡಿದು ನಡೆಯುವ ಜನ. ವರ್ಷದ ಉಳಿದ ದಿನ ಪಾರ್ಥಸಾರಥಿಯ ಎದುರು ಮೂಡುವ ಚುಕ್ಕಿಗಳು ಅವತ್ತು ಮೆಟ್ಟಿಲುಗಳ ಮೇಲಿರುತ್ತವೆ.

ಇನ್ನು ಬಲಿಯ ಹೊತ್ತು, ಎಂದರೆ ದೇವರು ಹೊರಗೆ ಸುತ್ತು ಬರುವ ಹೊತ್ತು. ಉತ್ಸವದ ದಿನ ದೇವರನ್ನು ತಲೆಯಲ್ಲಿ ಹೊತ್ತು ಅರ್ಚಕರು ಹೊರಗೆ ಬರುತ್ತಾರೆ. ದಿನವೂ ನಾವು ದೇವರ ಸುತ್ತ ನಡೆದರೆ ಅವತ್ತು ದೇವರೇ ನಡೆಯುತ್ತಾನೆ. ಆಗ ಅಂಗಣ ಎಷ್ಟು ಅಗಲವಿರಬೇಕು ಎಂದು ಕಟ್ಟಿದವರು ಲೆಕ್ಕ ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಚೆಂಡೆಯವರು, ದೀಪದವರು, ಹಿಂದೆ ಊರಿನವರು, ಬದಿಯಲ್ಲಿ ನಿಂತವರು, ಎಲ್ಲರಿಗೂ ಸರಿಯಾಗಿ ಜಾಗವಿರುತ್ತದೆ. ಚೆಂಡೆಯ ಕಾಲ ಬದಲಾದರೆ ನೂರಾರು ಜನರ ಹೆಜ್ಜೆ ಒಟ್ಟಿಗೆ ಬದಲಾಗುತ್ತದೆ. ಅದೇ ಅಂಗಣದ ನಡುವೆ ಸರತಿ ಸಾಲಿಗೆಂದು ಸ್ಟೀಲಿನ ಕಂಬಿಗಳನ್ನು ಕಾಂಕ್ರೀಟಿನಲ್ಲಿ ಹೂಳಿದ ಕಡೆ ಬಲಿ ಹೇಗೆ ಬರುತ್ತದೆ ಎಂದು ನೋಡಿದ್ದೀರಾ? ಅರ್ಚಕರು ಓರೆಯಾಗಿ ನುಸುಳಬೇಕಾಗುತ್ತದೆ. ಜನ ಕಂಬಿಯ ಆಚೆ ನಿಂತು ಮೊಬೈಲ್ ಎತ್ತುತ್ತಾರೆ. ಸರತಿಗೆ ಕಂಬಿ ಬೇಡ ಎಂದು ನಾನು ಹೇಳುವುದಿಲ್ಲ, ರಜಾದಿನದ ನೂಕುನುಗ್ಗಲು ನೋಡಿದವನು ನಾನು. ಹಬ್ಬದ ದಿನ ಕಳಚಿಡುವ ಹಾಗೆ ಮಾಡಲು ಬರುತ್ತದೆ, ಅಷ್ಟೇ.

ಉಪನ್ಯಾಸಕ್ಕೆ ಮೊದಲು ಹಿಂದಿನ ಸಾಲಿನ ತಾಯಿಯೊಬ್ಬರು ಗಾಲಿಕುರ್ಚಿಯಲ್ಲಿರುವ ತಮ್ಮ ಗಂಡನ ಬಗ್ಗೆ ಕೇಳಿದರು. ಎತ್ತರದ ಹೊಸ್ತಿಲು, ತಗ್ಗಿದ ಬಾಗಿಲು ಎಂದು ನಾನು ಹೊಗಳುತ್ತ ಹೋದರೆ ಅವರು ಎಲ್ಲಿಂದ ಒಳಗೆ ಹೋಗಬೇಕು? ಬಹಳ ಸರಿಯಾದ ಪ್ರಶ್ನೆ. ಹೊಸ್ತಿಲು ತಲೆ ತಗ್ಗಿಸಲು, ಎಚ್ಚರದಿಂದ ಕಾಲಿಡಲು ಇದೆ, ಯಾರನ್ನೂ ಹೊರಗಿಡಲು ಅಲ್ಲ. ಬೇಕಾದಾಗ ಹೊಸ್ತಿಲ ಮೇಲೆ ಇಡುವ ಮರದ ಇಳಿಜಾರು ಹಲಗೆಯನ್ನು ನಮ್ಮೂರ ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಗೋಡೆ ಒಡೆಯಬೇಕಾಗಿಲ್ಲ. ತರಿತರಿ ಮುರಕಲ್ಲಿನ ಮೇಲೆ ಗಾಲಿ ಹೋಗಲು ಒಂದು ಪಟ್ಟಿ ಸಮ ಮಾಡಿ, ಉಳಿದ ನೆಲವನ್ನು ಹಾಗೆಯೇ ಬಿಡಬಹುದು. ಪಾಚಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜಿ ತೆಗೆಯಬಹುದು, ಹಿಂದೆ ಹಾಗೆಯೇ ಮಾಡುತ್ತಿದ್ದರು. ಅವರ ಗಂಡನಿಗೆ ಒಳಗೆ ಬರಲು ದಾರಿಯಾಗಬೇಕು, ನನ್ನ ಅಜ್ಜಿಯಂಥವರ ಗುಳಿಗಳ ಸಾಲೂ ಉಳಿಯಬೇಕು. ಎರಡೂ ಒಂದೇ ಅಂಗಣದಲ್ಲಿ ಆಗುವ ಕೆಲಸ.

ಈ ಸಭೆಯಲ್ಲಿ ಜೀರ್ಣೋದ್ಧಾರ ಸಮಿತಿಗಳಲ್ಲಿ ಇರುವವರು ಮೂರು ನಾಲ್ಕು ಜನ ಕಾಣುತ್ತಿದ್ದೀರಿ. ನಿಮ್ಮಲ್ಲಿ ಒಂದೇ ಬೇಡಿಕೆ. ಎಂಜಿನಿಯರರ ನಕ್ಷೆಗೆ ಸಹಿ ಹಾಕುವ ಮೊದಲು ಒಂದು ಸಾಮಾನ್ಯ ದಿನ, ಒಂದು ಸಂಕ್ರಮಣ, ಒಂದು ಉತ್ಸವದ ರಾತ್ರಿ ಗೋಪುರದ ಜಗಲಿಯಲ್ಲಿ ಕುಳಿತು ಬರುವವರ ಕಾಲನ್ನು ನೋಡಿ. ಯಾರು ಎಲ್ಲಿ ನಿಂತರು, ಮುದುಕರು ಯಾವ ಕಂಬ ಹಿಡಿದರು, ಮಕ್ಕಳು ಎಲ್ಲಿ ಓಡಿದರು ಎಂದು ಬರೆದಿಡಿ. ನನ್ನನ್ನು ಕರೆದರೆ ಅಡೂರಿನಿಂದ ಮಂಜೇಶ್ವರದವರೆಗೆ ಎಲ್ಲಿಗಾದರೂ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಪುಸ್ತಕ, ಪೆನ್ಸಿಲು ನಾನೇ ತರುತ್ತೇನೆ.